ಮೊಸರಿನ ಡಬ್ಬಿಯಲ್ಲಿ ಹುಟ್ಟಿದ ಪ್ರೇರಿ ಹೂವು

ಮೊದಲ ಗಿಡವನ್ನು ನಾನೇ ಕೈಯಾರೆ ಕೊಂದೆ. ಮೇ ತಿಂಗಳ ಎರಡನೆಯ ವಾರವದು. ಶಿಕಾಗೋ ಹೊರವಲಯದ ನಮ್ಮ ಹಿತ್ತಲಿನಲ್ಲಿ ಡ್ಯಾಫಡಿಲ್ ಅರಳಿ ಬಾಡಿತ್ತು, ಪುದೀನ ಗೇಣುದ್ದ ಎದ್ದಿತ್ತು. ಹಿಂದಿನ ವರ್ಷ ನೆಟ್ಟ ಬಟರ್‌ಫ್ಲೈ ವೀಡ್‌ ಗಿಡದ ಸುಳಿವು ಮಾತ್ರ ಇರಲಿಲ್ಲ. ಹಿಮಕ್ಕೆ ಸತ್ತಿರಬೇಕೆಂದು ಗುದ್ದಲಿ ಹಾಕಿದೆ. ಎಳೆ ಮೂಲಂಗಿಯಂತಹ ಬೇರು ಎರಡು ತುಂಡಾಗಿ ಮೇಲೆ ಬಂತು. ಅದರ ನೆತ್ತಿಯಲ್ಲಿ ಅಕ್ಕಿಕಾಳಿನಷ್ಟು ಮೊಳಕೆಗಳಿದ್ದವು. ಈ ಗಿಡ ವಸಂತದಲ್ಲಿ ಎಲ್ಲರಿಗಿಂತ ತಡವಾಗಿ ಏಳುತ್ತದೆ ಎಂಬುದನ್ನು ನಾನು ಕಲಿತದ್ದು ಹೀಗೆ. ಈಗ ಶರತ್ಕಾಲದಲ್ಲೇ ಪ್ರತಿ ಬುಡದ ಪಕ್ಕ ಒಂದು ಐಸ್‌ಕ್ರೀಂ ಕಡ್ಡಿ ನೆಡುತ್ತೇನೆ.

ಇಲಿನಾಯ್‌ಗೆ ‘ಪ್ರೇರಿ ರಾಜ್ಯ’ ಎಂಬ ಅಡ್ಡಹೆಸರಿದೆ, ಆದರೆ ಹಳೆಯ ಪ್ರೇರಿ ಹುಲ್ಲುಗಾವಲು ಇಲ್ಲಿ ಉಳಿದಿರುವುದು ಚೂರುಚೂರಾಗಿ. ಉಳಿದದ್ದೆಲ್ಲ ಮೆಕ್ಕೆಜೋಳ, ಸೋಯಾ, ಮತ್ತು ನಮ್ಮಂತಹವರ ಮನೆಗಳು. ಲೈಲ್ ಊರಿನ ವೃಕ್ಷೋದ್ಯಾನವಾದ ಮಾರ್ಟನ್ ಅರ್ಬೊರೇಟಮ್‌ನಲ್ಲಿ 1962ರಿಂದ ಮತ್ತೆ ಬೆಳೆಸಿದ ಪ್ರೇರಿಯೊಂದಿದೆ. ಆ ಎತ್ತರದ ಹುಲ್ಲಿನ ನಡುವೆ ಕೆಂಡದಂತೆ ಹೊಳೆಯುತ್ತಿದ್ದ ಕಿತ್ತಳೆ ಹೂವನ್ನು ನೋಡಿದ ಮೇಲೆ ಅದು ನಮ್ಮ ಹಿತ್ತಲಿಗೂ ಬೇಕೆನಿಸಿತು. ಅದೇ ಬಟರ್‌ಫ್ಲೈ ವೀಡ್, ಸಸ್ಯಶಾಸ್ತ್ರದಲ್ಲಿ ಅಸ್ಕ್ಲೀಪಿಯಸ್ ಟ್ಯೂಬರೋಸಾ. ಇಷ್ಟು ಚೆಂದದ ಹೂವಿಗೆ ‘ವೀಡ್’, ಅಂದರೆ ಕಳೆ ಎಂದು ಹೆಸರಿಟ್ಟವರಿಗೆ ಏನು ಹೇಳುವುದು!

ಎರಡನೆಯ ಸಲ ಬೀಜದಿಂದಲೇ ಶುರು ಮಾಡಿದೆ. ಚಳಿ ಕಾಣದೆ ಈ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆಯಾದ ಮರಳಿಗೆ ಬೀಜ ಬೆರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಫ್ರಿಜ್ಜಿನಲ್ಲಿ ಕೊತ್ತಂಬರಿ ಸೊಪ್ಪಿನ ಪಕ್ಕ ಆರು ವಾರ ಇಟ್ಟೆ. ನಾಲ್ಕೇ ವಾರ ಸಾಕಂತೆ, ಆದರೆ ಮರೆತುಹೋಗಿತ್ತು. ಸಸಿಗಳಿಗೆ ಕೂಡಿಟ್ಟಿದ್ದ ಮೊಸರಿನ ಡಬ್ಬಿಗಳೇ ಕುಂಡ. ತಳಕ್ಕೆ ತೂತು ಕೊರೆದು, ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಮಣ್ಣು ಮುಚ್ಚಿದೆ. ಆಳವಾದ ಡಬ್ಬಿಯೇ ಬೇಕು: ಮೇಲೆ ನಾಲ್ಕು ಎಲೆ ಮೂಡುವಷ್ಟರಲ್ಲಿ ತಾಯಿಬೇರು ತಳ ಮುಟ್ಟಿರುತ್ತದೆ. ಒಮ್ಮೆ ನೆಲಕ್ಕಿಳಿದ ಗಿಡವನ್ನು ಮತ್ತೆ ಕಿತ್ತು ಬೇರೆಡೆ ನೆಡಲು ಹೋಗಲೇಬಾರದು.

ನಿಜವಾದ ಕಷ್ಟ ಮಣ್ಣಿನದು. ಮನೆ ಕಟ್ಟುವಾಗ ಮೇಲ್ಮಣ್ಣು ಕೆರೆದು ಹಾಕಿದ್ದರಿಂದ ನಮ್ಮಲ್ಲಿ ಉಳಿದದ್ದು ಅಂಟು ಜೇಡಿ. ಮಳೆ ಬಂದರೆ ಎರಡು ದಿನ ನೀರು ನಿಲ್ಲುತ್ತದೆ, ಈ ಬೇರಿಗೆ ಅದು ವಿಷ. ಹಾಗಾಗಿ ಬಿಸಿಲು ಬೀಳುವ ಮೂಲೆಯಲ್ಲಿ ಮರಳು, ಸಣ್ಣ ಜಲ್ಲಿ ಬೆರೆಸಿ ಒಂದಡಿ ಎತ್ತರದ ದಿಬ್ಬ ಮಾಡಿದೆ. ಗೊಬ್ಬರ ಹಾಕಲಿಲ್ಲ. ಊರಿನಲ್ಲಿ ಸಗಣಿ ಗೊಬ್ಬರವಿಲ್ಲದೆ ಒಂದು ಗುಂಡಿಯನ್ನೂ ತೋಡದ ಮನೆತನದವಳಿಗೆ ಇದೇ ದೊಡ್ಡ ಪರೀಕ್ಷೆ. ಮೊದಲ ಬೇಸಿಗೆ ಮಾತ್ರ ವಾರಕ್ಕೊಮ್ಮೆ ನೀರು, ಆಮೇಲೆ ಅದೂ ಇಲ್ಲ. ಆ ವರ್ಷ ಗಿಡ ಬೆಳೆದದ್ದು ನಾಲ್ಕು ಅಂಗುಲ. ಹೂವು ಕಂಡದ್ದು ಮೂರನೆಯ ವರ್ಷದ ಜೂನ್ ಕೊನೆಗೆ.

ಆ ಬೇಸಿಗೆ ಅಮ್ಮ ಹಾಸನದಿಂದ ಬಂದಿದ್ದರು. ಹೂವನ್ನು ಹತ್ತಿರ ಹಿಡಿದು ನೋಡಿ, “ಇದು ಎಕ್ಕದ ಹೂವಿನ ತಂಗಿ ಅಲ್ಲವೇನೇ?” ಎಂದರು. ರಥಸಪ್ತಮಿಗೆ ನಮ್ಮ ತಲೆ, ಭುಜಗಳ ಮೇಲೆ ಎಕ್ಕದ ಎಲೆ ಇಟ್ಟು ನೀರು ಹೊಯ್ದ ಕೈ ಅದು. ಮಾತು ಸರಿಯಾಗಿಯೇ ಇತ್ತು: ಎರಡೂ ಒಂದೇ ಕುಟುಂಬದವು, ನಡುವೆ ಅದೇ ಕಿರೀಟ, ಅದೇ ರೇಷ್ಮೆಯಂತಹ ನಾರು ಕಟ್ಟಿಕೊಂಡು ಹಾರುವ ಬೀಜ. ಎಲೆ ಮುರಿದರೆ ಎಕ್ಕದ ಹಾಗೆ ಹಾಲು ಸುರಿಯುವುದಿಲ್ಲ, ಅಷ್ಟೇ ವ್ಯತ್ಯಾಸ. ಊರಿನ ಎಕ್ಕಕ್ಕೆ ಮುತ್ತುವ ಹಳದಿ ಹೇನು ಇಲ್ಲಿಯೂ ಹಾಜರು! ಔಷಧಿ ಹೊಡೆದರೆ ಮೊನಾರ್ಕ್ ಚಿಟ್ಟೆಯ ಮರಿಹುಳುಗಳೂ ಸಾಯುತ್ತವೆ. ಹಾಗಾಗಿ ಹುಳುಗಳಿಲ್ಲದ ಕಾಂಡ ನೋಡಿಕೊಂಡು ಬೆರಳಿನಿಂದಲೇ ಹೇನು ಒರೆಸುತ್ತೇನೆ.

ಮೊನಾರ್ಕ್ ವಿಷಯದಲ್ಲಿ ನನಗೆ ಸ್ವಲ್ಪ ನಿರಾಸೆಯೂ ಆಯಿತು. ಮಕರಂದಕ್ಕೆ ಅದು ಇಲ್ಲಿಗೆ ಬರುತ್ತದೆ, ಮೊಟ್ಟೆ ಇಡಲು ಇದರ ದಾಯಾದಿಗಳನ್ನೇ ಹೆಚ್ಚು ಹುಡುಕುತ್ತದೆ. ಅದಕ್ಕೆ ದಿಬ್ಬದ ಕೆಳಗೆ, ನೀರು ನಿಲ್ಲುವ ಜೇಡಿಯಲ್ಲೇ, ಆ ದಾಯಾದಿಗಳಲ್ಲೊಂದಾದ ಸ್ವಾಂಪ್ ಮಿಲ್ಕ್‌ವೀಡ್ ನೆಟ್ಟೆ. ಅದಕ್ಕೆ ಒದ್ದೆ ನೆಲವೇ ಇಷ್ಟ. ಕಳೆದ ಆಗಸ್ಟಿನಲ್ಲಿ ಅದರ ಮೇಲೆ ಹನ್ನೊಂದು ಮರಿಹುಳು ಎಣಿಸಿದೆ, ಇದರ ಮೇಲೆ ಎರಡು.

ಸೆಪ್ಟೆಂಬರಿನಲ್ಲಿ ಕಾಯಿ ಒಡೆಯುವ ಮೊದಲು ಒಂದೊಂದಕ್ಕೂ ರಬ್ಬರ್‌ಬ್ಯಾಂಡ್ ಸುತ್ತುತ್ತೇನೆ, ಇಲ್ಲವಾದರೆ ಬೀಜವೆಲ್ಲ ಗಾಳಿಯ ಪಾಲು. ಈ ಸಲ ಸಿಕ್ಕ ಬೀಜವನ್ನು ಐದು ಮನೆಗೆ ಹಂಚಿದ್ದೇನೆ. ಪ್ರತಿ ಪೊಟ್ಟಣದ ಮೇಲೂ ದಪ್ಪ ಅಕ್ಷರದಲ್ಲಿ ಬರೆದದ್ದು ಒಂದೇ: ಜೂನ್ ತನಕ ಅಗೆಯಬೇಡಿ.