ನೆಲ ಒರೆಸುವ ಲಿಕ್ವಿಡ್ ಮನೆಯಲ್ಲೇ ಮಾಡಿ, ಆದರೆ ಮೊದಲು ನೆಲ ಯಾವುದು ಅಂತ ನೋಡಿ

ವಿನೆಗರ್ ಒಂದು ಲೋಟ, ಅಡುಗೆ ಸೋಡಾ ಎರಡು ಚಮಚ, ಅರ್ಧ ನಿಂಬೆಹಣ್ಣು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದಿಷ್ಟು, ಘಮಘಮ ಅನ್ನಲಿ ಅಂತ ನಾಲ್ಕು ಹನಿ ಸುವಾಸನೆಯ ಎಣ್ಣೆ. ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿದು, ಬುಸ್ ಅಂತ ನೊರೆ ಉಕ್ಕಿದಾಗ ‘ನೋಡಿ, ಹೇಗೆ ಕೆಲಸ ಮಾಡ್ತಿದೆ’ ಅಂತ ಖುಷಿಪಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ಏನೂ ಕೆಲಸ ಮಾಡುತ್ತಿಲ್ಲ. ವಿನೆಗರ್ ಆಮ್ಲ, ಸೋಡಾ ಕ್ಷಾರ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ನೊರೆಯಾಗಿ ಬಂದದ್ದು ಕಾರ್ಬನ್ ಡೈಆಕ್ಸೈಡ್, ಅದು ಗಾಳಿಗೆ ಹೋಯಿತು. ಬಕೆಟ್‌ನಲ್ಲಿ ಉಳಿದದ್ದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಒಂದು ಉಪ್ಪು. ಒಂದು ದೊಡ್ಡ ಚಮಚ ಸೋಡಾ, ಅಂದರೆ ಸುಮಾರು 14 ಗ್ರಾಂ, ಶೇ 5ರ ವಿನೆಗರ್ ಅನ್ನು 200 ಮಿಲಿಯಷ್ಟು ನಿಷ್ಪ್ರಯೋಜಕ ಮಾಡಿಬಿಡುತ್ತದೆ. ಆಮೇಲೆ ನೆಲ ಒಣಗಿದಾಗ ಬಿಳಿ ಬಿಳಿ ಗೀರು ಕಾಣುತ್ತದೆಯಲ್ಲ, ಅದು ಆ ಉಪ್ಪು.

ಮನೆಯಲ್ಲಿ ಮಾಡಿದ್ದು ಅಂಗಡಿಯದಕ್ಕಿಂತ ತುಂಬಾ ಅಗ್ಗ, ಒರೆಸಿದ್ದೂ ಚೆನ್ನಾಗಿಯೇ ಇರುತ್ತದೆ. ಆದರೆ ಎಲ್ಲ ನೆಲಕ್ಕೂ ಆಗುವ ಒಂದೇ ಮಿಶ್ರಣ ಅನ್ನುವುದು ಇಲ್ಲ.

ಮೊದಲನೆಯದು: ನೆಲದ ಪರೀಕ್ಷೆ

ನಿಮ್ಮದು ಮಾರ್ಬಲ್ಲೋ, ಮಾರ್ಬಲ್ ತರಹ ಕಾಣುವ ಟೈಲ್ಸೋ ಅಂತ ಗೊತ್ತಿಲ್ಲದಿದ್ದರೆ, ಕಪಾಟಿನ ಕೆಳಗೆ, ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಹನಿ ವಿನೆಗರ್ ಹಾಕಿ. ಐದು ನಿಮಿಷ ಬಿಟ್ಟು ಒರೆಸಿ. ಸಣ್ಣ ಗುಳ್ಳೆ ಎದ್ದಿದ್ದರೆ, ಅಥವಾ ಆ ಜಾಗ ಮಂಕಾಗಿದ್ದರೆ ಅದರಲ್ಲಿ ಸುಣ್ಣದ ಅಂಶ ಇದೆ. ಮಾರ್ಬಲ್, ಸುಣ್ಣದ ಕಲ್ಲು, ಮಾರ್ಬಲ್ ಚೂರು ಹಾಕಿದ ಮೊಸಾಯಿಕ್, ಸಿಮೆಂಟ್ ನೆಲ ಎಲ್ಲವೂ ಈ ಗುಂಪಿಗೆ ಬರುತ್ತವೆ. ಇವಕ್ಕೆ ವಿನೆಗರ್ ಬೇಡ, ನಿಂಬೆರಸ ಬೇಡ, ಯಾವ ಹುಳಿಯೂ ಬೇಡ. ‘ನೀರಲ್ಲಿ ಸ್ವಲ್ಪವೇ ಹಾಕ್ತೀನಿ’ ಅನ್ನುವವರಿಗೂ ಇದೇ ಮಾತು. ಒಂದು ಸಲಕ್ಕೆ ಕಾಣಿಸುವುದಿಲ್ಲ, ದಿನಾ ಒರೆಸುತ್ತಾ ಹೋದರೆ ಪಾಲಿಶ್ ಸವೆಯುತ್ತದೆ. ಆ ಮಂಕು ಕಲೆಯಲ್ಲ, ಕಲ್ಲಿನ ಮೇಲ್ಪದರವೇ ಕರಗಿಹೋಗಿರುವುದು. ಎಷ್ಟು ಉಜ್ಜಿದರೂ ಹೊಳಪು ಬರುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕು.

ಹಣ್ಣಿನ ಸಿಪ್ಪೆಯ ಬಯೋ ಎಂಜೈಮ್ ಮಾಡುವವರೂ ಇಲ್ಲಿ ಸ್ವಲ್ಪ ಕೇಳಿ. ಒಂದು ಪಾಲು ಬೆಲ್ಲ ಅಥವಾ ಸಕ್ಕರೆ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು ಹಾಕಿ 3 ತಿಂಗಳು ಕೊಳೆಸುವ ಆ ದ್ರವ ಹುಳಿಯೇ. ಟೈಲ್ಸ್‌ಗೆ ತೆಳುಮಾಡಿ ಹಾಕಿಕೊಳ್ಳಿ, ಮಾರ್ಬಲ್‌ಗೆ ಬೇಡ. ನೈಸರ್ಗಿಕ ಅಂದ ಮಾತ್ರಕ್ಕೆ ಹುಳಿ ಕಲ್ಲನ್ನು ಸುಮ್ಮನೆ ಬಿಡುವುದಿಲ್ಲ.

ಎರಡನೆಯದು: ಸೋಪಿನ ಅಳತೆ, ಎಲ್ಲರೂ ಎಡವುವುದು ಇಲ್ಲೇ

ಮೂಲ ಮಿಶ್ರಣ ಇಷ್ಟೇ. 5 ಲೀಟರ್ ಉಗುರುಬೆಚ್ಚಗಿನ ನೀರು, ಅರ್ಧ ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಸರಿಯಾಗಿ ಓದಿದ್ದೀರಿ, ಅರ್ಧ ಟೀ ಚಮಚ, ಅಂದರೆ ಎರಡೂವರೆ ಮಿಲಿ.

ಇಷ್ಟು ಹೇಳಿದರೂ ಜನ ಬಾಟಲಿ ಬೋರಲು ಹಾಕಿ ಚಿರ್ ಅಂತ ಹಿಂಡುತ್ತಾರೆ. ನೊರೆ ಕಾಣದಿದ್ದರೆ ಸಮಾಧಾನ ಇಲ್ಲ. ಸೋಪಿನ ಕೆಲಸ ಏನು ಅಂತ ನೋಡಿದರೆ ಯಾಕೆ ಬೇಡ ಅಂತ ಗೊತ್ತಾಗುತ್ತದೆ. ಸೋಪಿನ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಹೀಗೆ ಜಿಡ್ಡು ನೆಲ ಬಿಟ್ಟು ನೀರಿಗೆ ಬರುತ್ತದೆ. ನೆಲದ ಮೇಲಿನ ಜಿಡ್ಡಿಗೆ ಸ್ವಲ್ಪ ಸೋಪು ಸಾಕು. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ತಟ್ಟೆಯಾದರೆ ನಲ್ಲಿ ಕೆಳಗೆ ಹಿಡಿದು ತೊಳೆಯುತ್ತೇವೆ, ನೆಲವನ್ನು ಹಾಗೆ ತೊಳೆಯುವುದಿಲ್ಲ. ನೀರು ಆರುತ್ತದೆ, ಸೋಪು ಅಲ್ಲೇ ಕೂರುತ್ತದೆ. ಒಣಗಿದ ಆ ತೆಳು ಪದರ ಸ್ವಲ್ಪ ಅಂಟಂಟು, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ, ಸಂಜೆಯ ಹೊತ್ತಿಗೆ ಹೆಜ್ಜೆ ಗುರುತು ಕಾಣುತ್ತದೆ, ಮಾರನೇ ದಿನ ನೆಲ ಮಂಕು. ‘ಅಯ್ಯೋ, ಇನ್ನೂ ಕೊಳೆ’ ಅಂತ ಇನ್ನಷ್ಟು ಸೋಪು. ಹೀಗೆ ತಿಂಗಳುಗಟ್ಟಲೆ ನಡೆದ ಮನೆಯಲ್ಲಿ ನೆಲ ಕೊಳಕಾಗಿರುವುದೇ ಸೋಪಿನಿಂದ.

ನಿಮ್ಮ ನೆಲದಲ್ಲೂ ಆ ಪದರ ಇದೆಯಾ ಅಂತ ತಿಳಿಯಲು, ಒಣ ನೆಲದ ಮೇಲೆ ಒಂದು ಚಮಚ ನೀರು ಹಾಕಿ ಬೆರಳಿಂದ ಉಜ್ಜಿ. ಜಾರಿದರೆ, ಅಥವಾ ಸಣ್ಣ ನೊರೆ ಬಂದರೆ ಇದೆ ಅಂತಲೇ ಅರ್ಥ. ತೆಗೆಯಲು ಏನೂ ಕೊಳ್ಳಬೇಕಿಲ್ಲ. ಬರೀ ಬಿಸಿನೀರಿನಲ್ಲಿ ಒರೆಸಿ, ನೀರು ಮಸುಕಾದ ಕೂಡಲೇ ಬದಲಿಸಿ, ಎರಡು ಮೂರು ದಿನ ಸೋಪಿಲ್ಲದೆ ಹೀಗೇ ಮಾಡಿ. ನೆಲ ಟೈಲ್ಸ್ ಆಗಿದ್ದರೆ ಒಂದು ಸಲ ಆ ನೀರಿಗೆ 60 ಮಿಲಿ ವಿನೆಗರ್ ಸೇರಿಸಬಹುದು, ಬೇಗ ಬಿಡುತ್ತದೆ. ಮರದ ನೆಲವಾದರೆ ಬಿಸಿನೀರು ಬೇಡ, ಗಟ್ಟಿಯಾಗಿ ಹಿಂಡಿದ ಬಟ್ಟೆ ಸಾಕು.

ಬಟ್ಟೆ ಒಗೆಯುವ ಪುಡಿ ಹಾಕಬೇಡಿ. ನೊರೆ ಜಾಸ್ತಿ, ಬಟ್ಟೆ ಬೆಳ್ಳಗೆ ಕಾಣಲಿ ಅಂತ ಹಾಕುವ ಏನೇನೋ ನೆಲಕ್ಕೆ ಬೇಕಿಲ್ಲ. ಸ್ನಾನದ ಸೋಪು ತುರಿದು ಹಾಕುವುದೂ ಬೇಡ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಅದು ಬೂದು ಬಣ್ಣದ ಕೆನೆಯಂತಾಗಿ ಮೂಲೆಗಳಲ್ಲಿ ಕೂರುತ್ತದೆ. ‘ತಕ್ಷಣ ಹೊಳಪು’ ಅಂತ ಮಾರುವ ಲಿಕ್ವಿಡ್‌ಗಳ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಹಲವದರಲ್ಲಿ ಮೇಣ ಇರುತ್ತದೆ, ಪದರದ ಮೇಲೆ ಪದರ ಕಟ್ಟಿ ಕೊನೆಗೆ ಹಳದಿಯಾಗುತ್ತದೆ.

ಮೂರನೆಯದು: ನೆಲಕ್ಕೆ ತಕ್ಕ ಬದಲಾವಣೆ

ಮಾರ್ಬಲ್, ಮೊಸಾಯಿಕ್, ಸಿಮೆಂಟ್: ಮೂಲ ಮಿಶ್ರಣ, ಮತ್ತೇನೂ ಇಲ್ಲ. ಅಡುಗೆ ಸೋಡಾ ಕೂಡ ದಿನಾ ಬೇಡ, ಸರಿಯಾಗಿ ಕರಗದಿದ್ದರೆ ಬಿಳಿ ಪುಡಿ ಉಳಿಯುತ್ತದೆ.

ಗ್ರಾನೈಟ್: ಇದು ಹೆಚ್ಚಾಗಿ ಸ್ಫಟಿಕ ಶಿಲೆ ಮತ್ತು ಫೆಲ್ಡ್‌ಸ್ಪಾರ್ ಸೇರಿದ ಕಲ್ಲು, ಹುಳಿಗೆ ಮಾರ್ಬಲ್‌ನಷ್ಟು ಹೆದರುವುದಿಲ್ಲ. ಆದರೆ ಕಲೆ ಒಳಗೆ ಇಳಿಯದಿರಲಿ ಅಂತ ಮೇಲೆ ಹಚ್ಚಿರುವ ಸೀಲರ್ ಹಾಳಾಗುತ್ತದೆ, ಹಾಗಾಗಿ ಇಲ್ಲೂ ವಿನೆಗರ್ ಬಿಡಿ. ಕಪ್ಪು ಗ್ರಾನೈಟ್‌ನಲ್ಲಿ ಗೀರು ಎದ್ದು ಕಾಣುತ್ತದೆ ಅನ್ನುವವರು 1 ಲೀಟರ್ ನೀರಿಗೆ 100 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್ (ಶೇ 70ರದ್ದು) ಮತ್ತು ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸ್ಪ್ರೇ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಬೇಗ ಒಣಗುತ್ತದೆ, ಗೀರು ಉಳಿಯುವುದಿಲ್ಲ. ಆಲ್ಕೊಹಾಲ್‌ಗೆ ಬೆಂಕಿ ಹಿಡಿಯುತ್ತದೆ, ಬೆರೆಸುವಾಗಲೂ ಬಳಸುವಾಗಲೂ ಒಲೆ ಉರಿಯುತ್ತಿರಬಾರದು, ಕಿಟಕಿ ತೆರೆದಿರಲಿ.

ಸೆರಾಮಿಕ್, ವಿಟ್ರಿಫೈಡ್ ಟೈಲ್ಸ್: ನೀವು ಪುಣ್ಯವಂತರು. ವಿಟ್ರಿಫೈಡ್ ಟೈಲ್ ತನ್ನ ತೂಕದ ಶೇ 0.5ರಷ್ಟೂ ನೀರು ಹೀರುವುದಿಲ್ಲ, ಕಲೆ ಒಳಗೆ ಇಳಿಯುವುದೇ ಕಷ್ಟ. ದಿನಾ ಮೂಲ ಮಿಶ್ರಣ, ವಾರಕ್ಕೊಮ್ಮೆ ಬೇಕಿದ್ದರೆ 5 ಲೀಟರ್ ಬರೀ ನೀರಿಗೆ 100 ಮಿಲಿ ವಿನೆಗರ್. ದಿನಾ ವಿನೆಗರ್ ಬೇಡ ಅನ್ನುವುದು ಟೈಲ್‌ಗಾಗಿ ಅಲ್ಲ, ಸಂದಿನ ಗ್ರೌಟ್‌ಗಾಗಿ, ಅದು ಸಿಮೆಂಟೇ ಅಲ್ವಾ. ಸಂದು ಕಪ್ಪಾಗಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ. ಅಡುಗೆಮನೆಯ ಎಣ್ಣೆ ಜಿಡ್ಡಿಗೆ 5 ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿದರೆ ಅದ್ಭುತವಾಗಿ ಬಿಡುತ್ತದೆ. ಅಡುಗೆ ಸೋಡಾಕ್ಕಿಂತ ಇದು ತುಂಬಾ ತೀಕ್ಷ್ಣವಾದ ಕ್ಷಾರ, ಕೈಗೆ ಗ್ಲೌಸ್ ಇರಲಿ, ಕೊನೆಗೆ ಬರೀ ನೀರಲ್ಲಿ ಒರೆಸಿ.

ವಿನೈಲ್ (ಪ್ಲಾಸ್ಟಿಕ್ ಹಾಸು): ಮೂಲ ಮಿಶ್ರಣ. ಥಿನ್ನರ್, ಸೀಮೆಎಣ್ಣೆ, ತಂತಿ ಬ್ರಶ್ ದೂರ ಇಡಿ. ಅದೇ ತರಹ ಕಾಣುವ, ಅಗಸೆ ಎಣ್ಣೆಯಿಂದ ಮಾಡಿದ ಲಿನೋಲಿಯಂ ಹಾಸು ಆಗಿದ್ದರೆ ವಾಷಿಂಗ್ ಸೋಡಾ ಕೂಡ ಬೇಡ.

ಮರ, ಲ್ಯಾಮಿನೇಟ್: ಇಲ್ಲಿ ಶತ್ರು ನೀರೇ. ಲ್ಯಾಮಿನೇಟ್‌ನ ಹೊಟ್ಟೆಯಲ್ಲಿ ಒತ್ತಿದ ಮರದ ಪುಡಿ ಇರುತ್ತದೆ, ಜೋಡಣೆಯಲ್ಲಿ ನೀರು ಇಳಿದರೆ ಅಂಚು ಉಬ್ಬುತ್ತದೆ, ಮತ್ತೆ ಕೂರುವುದಿಲ್ಲ. ಮೂಲ ಮಿಶ್ರಣದಲ್ಲಿ ಅದ್ದಿದ ಬಟ್ಟೆಯನ್ನು ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಿ ಒರೆಸಿ, ಹಿಂದೆಯೇ ಒಣ ಬಟ್ಟೆ ಆಡಿಸಿ. ಒರೆಸಿದ ಒದ್ದೆ ಒಂದೆರಡು ನಿಮಿಷದಲ್ಲಿ ಆರದಿದ್ದರೆ ನೀವು ಸರಿಯಾಗಿ ಹಿಂಡಿಲ್ಲ. ಸ್ಟೀಮ್ ಮಾಪ್ ಎಷ್ಟೇ ಚೆನ್ನಾಗಿ ಜಾಹೀರಾತು ಮಾಡಿದರೂ ಈ ನೆಲಕ್ಕೆ ಬೇಡ.

ನಾಲ್ಕನೆಯದು: ಬೆರೆಸಬಾರದ್ದು

ಬ್ಲೀಚ್ ಇರುವ ಬಕೆಟ್‌ಗೆ ನೀರು ಬಿಟ್ಟು ಬೇರೇನೂ ಬೀಳಬಾರದು. ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶವನ್ನು ಸುಡುತ್ತವೆ, ಬಚ್ಚಲಿನಂಥ ಚಿಕ್ಕ ಜಾಗದಲ್ಲಿ ಪ್ರಾಣಕ್ಕೇ ಅಪಾಯ. ಕಣ್ಣು ಉರಿದು ಕೆಮ್ಮು ಬಂದರೆ ಬಕೆಟ್ ಅಲ್ಲೇ ಬಿಟ್ಟು ಹೊರಗೆ ನಡೆಯಿರಿ. ದಿನಾ ನೆಲಕ್ಕೆ ಬ್ಲೀಚ್ ಬೇಕಾಗಿಯೂ ಇಲ್ಲ. ಯಾರಾದರೂ ವಾಂತಿ ಮಾಡಿದಾಗಲೋ, ಕಾಯಿಲೆ ಇದ್ದಾಗಲೋ, ಮೊದಲು ಸೋಪುನೀರಲ್ಲಿ ಒರೆಸಿ, ಬರೀ ನೀರಲ್ಲಿ ಇನ್ನೊಮ್ಮೆ ಒರೆಸಿ, ಆಮೇಲೆ 1 ಲೀಟರ್ ತಣ್ಣೀರಿಗೆ 20 ಮಿಲಿ ಬ್ಲೀಚ್ ಹಾಕಿದ ನೀರು ಬಳಸಿ. ಅದೂ ಟೈಲ್ಸ್ ಮೇಲೆ ಮಾತ್ರ. ಮಾಡಿಟ್ಟದ್ದು ಮಾರನೇ ದಿನಕ್ಕೆ ಬೇಡ, ಅದರ ಶಕ್ತಿ ಇಳಿದಿರುತ್ತದೆ.

ಸುವಾಸನೆಯ ಎಣ್ಣೆ ನಿಮ್ಮಿಷ್ಟ, ನಾನಂತೂ ಹಾಕುವುದಿಲ್ಲ. ಎಣ್ಣೆ ನೀರಲ್ಲಿ ಕರಗುವುದಿಲ್ಲ, ತೇಲುತ್ತದೆ, ಅಷ್ಟೇ. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಟೀ ಟ್ರೀ ಎಣ್ಣೆ ಖಂಡಿತ ಬೇಡ, ಅವಕ್ಕೆ ಅದು ವಿಷ.

ಐದನೆಯದು: ಒರೆಸುವುದು

ಮೊದಲು ಚೆನ್ನಾಗಿ ಗುಡಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಮಿಶ್ರಣ, ಇನ್ನೊಂದರಲ್ಲಿ ಮಾಪ್ ಜಾಲಿಸಲು ಬರೀ ನೀರು. ಒಳಗಿನಿಂದ ಬಾಗಿಲ ಕಡೆಗೆ ಬನ್ನಿ. ಮಿಶ್ರಣವನ್ನು ಆಗಾಗ ಬೇಕಾದಷ್ಟೇ ಮಾಡಿಕೊಳ್ಳಿ. ಇಟ್ಟುಕೊಳ್ಳಬಹುದಾದದ್ದು ಆಲ್ಕೊಹಾಲ್ ಸ್ಪ್ರೇ ಒಂದೇ, ಅದಕ್ಕೆ ಹೆಸರು ಬರೆದ ಚೀಟಿ ಅಂಟಿಸಿ, ಕುಡಿಯುವ ನೀರಿನ ಬಾಟಲಿಗೆ ಮಾತ್ರ ತುಂಬಬೇಡಿ. ಒರೆಸಿದ ಮೇಲೂ ಮನೆಯಲ್ಲಿ ಮುಗ್ಗಲು ವಾಸನೆ ಬಂದರೆ ಮಿಶ್ರಣದ ತಪ್ಪು ಹುಡುಕಬೇಡಿ, ಒದ್ದೆ ಮಾಪನ್ನು ಬಕೆಟ್‌ನಲ್ಲೇ ಬಿಟ್ಟಿರುತ್ತೀರಿ. ಬಿಸಿನೀರಲ್ಲಿ ಜಾಲಿಸಿ, ಹಿಂಡಿ, ತಲೆ ಮೇಲೆ ಮಾಡಿ ಗಾಳಿಯಾಡುವ ಕಡೆ ನಿಲ್ಲಿಸಿ.