ಮೊದಲ ದಿನ ನಾಲ್ಕು ಅಡಿ ನೀರು

ಸ್ಕೂಬಾ, ಅಂದರೆ ಬೆನ್ನಿನ ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿನೊಳಗೆ ಇಳಿಯುವ ವಿದ್ಯೆ. ಅದರ ಪರಿಚಯದ ತರಗತಿಗೆ ಹೆಸರು ಕೊಡಲು ಫೋನ್ ಮಾಡುವವರು ಶುಲ್ಕಕ್ಕಿಂತ ಮೊದಲು ಆಳವನ್ನು ಕೇಳುತ್ತಾರೆ. ಕಲಬುರಗಿಗೆ ಸಮುದ್ರ ದೂರ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗಬೇಕೆಂದರೂ ರಾತ್ರಿಯಿಡೀ ಪ್ರಯಾಣ ಮಾಡಬೇಕು. ಅಷ್ಟು ದೂರ ಹೋಗುವ ಮೊದಲು ಊರಿನ ಈಜುಕೊಳದಲ್ಲೇ ಒಮ್ಮೆ ಸಿಲಿಂಡರ್ ಹೊತ್ತು ನೋಡೋಣ ಎಂದು ಬರುವವರಿಗೆ ನಾನು ಕಲಿಸುತ್ತೇನೆ. ಆಳದ ಬಗ್ಗೆ ನನ್ನ ಉತ್ತರ ಬದಲಾಗುವುದಿಲ್ಲ. ಮೊದಲು ನಾಲ್ಕು ಅಡಿ. ಅಲ್ಲಿ ಎಲ್ಲವೂ ಸರಿಹೋದರೆ ನಿಧಾನವಾಗಿ ಆರೂವರೆ ಅಡಿ, ಅಂದರೆ ಎರಡು ಮೀಟರ್. ಕೊಳದ ಇನ್ನೊಂದು ತುದಿ ಹತ್ತು ಅಡಿ ಇದ್ದರೂ ಮೊದಲ ದಿನ ಅಲ್ಲಿಗೆ ಯಾರನ್ನೂ ಒಯ್ಯುವುದಿಲ್ಲ.

ಇದನ್ನು ಕೇಳಿ ಹಲವರ ಮುಖ ಸಪ್ಪಗಾಗುತ್ತದೆ. ‘ನಾಲ್ಕು ಅಡಿಯಲ್ಲಿ ಏನಿದೆ ಸರ್, ನಿಂತರೆ ಎದೆಮಟ್ಟ’ ಎನ್ನುತ್ತಾರೆ. ಎದ್ದು ನಿಲ್ಲಬಹುದು ಎಂಬ ಕಾರಣಕ್ಕೇ ನಾನು ಆ ನೀರನ್ನು ಆರಿಸಿಕೊಂಡಿದ್ದೇನೆ.

ಆಳ ಹೆಚ್ಚಿದಂತೆ ಅಪಾಯ ಹೆಚ್ಚು, ಮೇಲಿನ ನೀರು ಆಟದ ನೀರು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಸಿಲಿಂಡರಿನ ಗಾಳಿ ಉಸಿರಾಡುವವರ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇನ್ನೂ ಹತ್ತು ಮೀಟರ್ ಇಳಿದರೆ ಎರಡು ಪಟ್ಟು ಇದ್ದದ್ದು ಮೂರು ಪಟ್ಟಾಗುತ್ತದೆ, ಅಷ್ಟೇ. ಗಾಳಿ ಹಿಗ್ಗುವ, ಕುಗ್ಗುವ ಪ್ರಮಾಣ ಅತಿ ಹೆಚ್ಚಾಗಿರುವುದು ಮೇಲಿನ ಕೆಲವು ಮೀಟರುಗಳಲ್ಲೇ. ಎರಡು ಮೀಟರ್ ಕೆಳಗೆ ಆರು ಲೀಟರ್ ಗಾಳಿಯನ್ನು ಎದೆ ತುಂಬ ಎಳೆದುಕೊಂಡವರು ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದೇ ಗಾಳಿಗೆ 7.2 ಲೀಟರಿನಷ್ಟು ಜಾಗ ಬೇಕಾಗುತ್ತದೆ. ತುಂಬಿದ ಎದೆಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಶ್ವಾಸಕೋಶದ ಗಾಳಿಗೂಡುಗಳು ಹರಿಯಬಹುದು, ಗಾಳಿಯ ಗುಳ್ಳೆ ರಕ್ತ ಸೇರಿ ಮಿದುಳಿಗೆ ಹೋಗಬಹುದು. ಇದಕ್ಕೆ ಒಂದು ಮೀಟರಿಗಿಂತ ತುಸು ಹೆಚ್ಚಿನ ಏರಿಕೆಯೇ ಸಾಕು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ ಹೊರಗಿನ ವಾಯುಭಾರ ಕರಾವಳಿಗಿಂತ ಸ್ವಲ್ಪ ಕಡಿಮೆ ಇರುವುದರಿಂದ ಈ ಲೆಕ್ಕ ನಮಗೆ ಕೂದಲೆಳೆಯಷ್ಟು ಬಿಗಿಯೇ ಹೊರತು ಸಡಿಲವಲ್ಲ.

ನಾಲ್ಕು ಅಡಿ ನೀರಿನಲ್ಲಿ ಮಂಡಿಯೂರಿ ಕುಳಿತವರ ಎದೆ ನೀರಿನ ಮೇಲ್ಮೈಯಿಂದ ಎರಡು ಅಡಿಯಷ್ಟೇ ಕೆಳಗಿರುತ್ತದೆ. ಗಾಬರಿಯಾಗಿ ಉಸಿರು ಹಿಡಿದು ಎದ್ದು ನಿಂತರೂ ಗಾಳಿ ಹಿಗ್ಗುವುದು ಅಲ್ಪ. ಗಾಬರಿ ಆಗಿಯೇ ಆಗುತ್ತದೆ ಎಂದು ತಿಳಿದೇ ನಾನು ಮೊದಲ ಪಾಠ ಹೂಡುವುದು. ಹಾಗೆಂದು ಅಲ್ಲಿಯೂ ಉಸಿರು ಹಿಡಿಯಲು ಬಿಡುವುದಿಲ್ಲ.

ನಮ್ಮ ಭಾಗದಲ್ಲಿ ಹೆಚ್ಚು ಕಣ್ಣಿಡಬೇಕಾದದ್ದು ಚೆನ್ನಾಗಿ ಈಜು ಬಲ್ಲವರ ಮೇಲೆ. ಅಫಜಲಪುರ, ಜೇವರ್ಗಿ ಕಡೆಯ ಹುಡುಗರು ಹೊಲದ ಬಾವಿಯಲ್ಲೋ ಭೀಮಾ ನದಿಯಲ್ಲೋ ಈಜು ಕಲಿತವರು. ಮೊದಲು ಸೊಂಟಕ್ಕೆ ಬೆಂಡು ಕಟ್ಟಿಕೊಂಡು, ಆಮೇಲೆ ಅದನ್ನು ಬಿಚ್ಚಿ ದಂಡೆಯಿಂದ ಧುಮುಕಿ ಕಲಿತ ಈಜು ಅದು. ದಮ್ಮು ಕಟ್ಟಿ ತಳ ಮುಟ್ಟಿ ಬರುವುದು ಅವರಿಗೆ ಪಂದ್ಯದ ವಿಷಯ. ಒಬ್ಬ ತರುಣ ನನಗೆ, ‘ಸರ್, ಮೂರಾಳು ನೀರಿನಿಂದ ಹಿಡಿ ಮಣ್ಣು ತಂದವನು ನಾನು, ನನ್ನನ್ನು ಇಲ್ಲಿ ಕೂರಿಸುತ್ತೀರಾ?’ ಎಂದು ಕೇಳಿದ. ಕೂರಿಸಿದೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಒದಗಿಸುವ ರೆಗ್ಯುಲೇಟರ್ ಕಚ್ಚಿಕೊಂಡು ಮುಳುಗಿದ ಅವನು ಮೊದಲು ಮಾಡಿದ್ದೇ ಉದ್ದನೆಯ ಉಸಿರೆಳೆದು ಬಿಗಿಹಿಡಿದದ್ದು. ಕಣ್ಣಿನಲ್ಲಿ ಹೆದರಿಕೆ ಇರಲಿಲ್ಲ, ಮೈ ನೆಟ್ಟಗಿತ್ತು, ನೋಡಿದವರು ಪಳಗಿದವನು ಎನ್ನಬೇಕು. ಗುಳ್ಳೆ ಮಾತ್ರ ಬರುತ್ತಿರಲಿಲ್ಲ. ಭುಜ ತಟ್ಟಿ, ನನ್ನ ರೆಗ್ಯುಲೇಟರಿನಿಂದ ಏಳುವ ಗುಳ್ಳೆಗಳತ್ತ ಬೆರಳು ತೋರಿಸಿದ ಮೇಲೆ ಉಸಿರು ಬಿಟ್ಟ. ಮರುಗಳಿಗೆ ಮತ್ತೆ ಹಿಡಿದ.

ಮೇಲೆ ಕೂತು ಅವನಿಗೆ ಹೇಳಿದ್ದನ್ನೇ ಎಲ್ಲ ಬಾವಿ ಈಜುಗಾರರಿಗೂ ಹೇಳುತ್ತೇನೆ. ಬಾವಿಯಲ್ಲಿ ನೀನು ದಂಡೆಯ ಮೇಲಿನ ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು ಇಳಿಯುತ್ತೀಯ. ಅದು ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಇಲ್ಲಿ ಗಾಳಿ ತುಂಬಿಕೊಳ್ಳುವುದು ಕೆಳಗೆ, ಒತ್ತಡದಲ್ಲಿ. ಅದನ್ನು ಬಿಡದೆ ಮೇಲೆ ಬಂದರೆ ಇದ್ದದ್ದಕ್ಕಿಂತ ಹೆಚ್ಚಾಗುತ್ತದೆ. ಬಾವಿಯಲ್ಲಿ ನಿನ್ನನ್ನು ಕಾಯ್ದ ಅಭ್ಯಾಸವೇ ಇಲ್ಲಿ ನಿನಗೆ ಮುಳುವಾಗಬಹುದು. ಈ ಮಾತು ತಲೆಗೆ ಹೋಗಲು ಒಂದು ನಿಮಿಷ ಸಾಕು, ಎದೆಗೆ ಇಳಿಯಲು ಒಂದಿಡೀ ತರಗತಿ ಬೇಕು. ಈಜು ಬಾರದೆ, ದಂಡೆ ಹಿಡಿದುಕೊಂಡೇ ನೀರಿಗಿಳಿಯುವ ಹೆಣ್ಣುಮಕ್ಕಳು ಎಷ್ಟೋ ಸಲ ಇವರಿಗಿಂತ ಬೇಗ ಕಲಿಯುತ್ತಾರೆ. ಅವರಿಗೆ ಮರೆಯಬೇಕಾದ ಅಭ್ಯಾಸ ಇರುವುದಿಲ್ಲ.

ಆಳವನ್ನು ತೀರ್ಮಾನಿಸುವ ಇನ್ನೊಂದು ಅಂಗ ಕಿವಿ. ಕಿವಿತಮಟೆಯ ಒಳಭಾಗದಿಂದ ಗಂಟಲಿನ ಹಿಂಭಾಗಕ್ಕೆ ಸಣ್ಣದೊಂದು ನಾಳವಿದೆ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿದರೆ ಅದು ತೆರೆದು ಎರಡೂ ಕಡೆಯ ಒತ್ತಡ ಸಮವಾಗುತ್ತದೆ. ಹಾಗೆ ಮಾಡದೆ ನಾಲ್ಕು ಅಡಿಯಷ್ಟು ಇಳಿದುಬಿಟ್ಟರೆ ಹೊರಗಿನ ಒತ್ತಡಕ್ಕೆ ನಾಳ ಕಚ್ಚಿಕೊಂಡು, ಆಮೇಲೆ ಎಷ್ಟು ಊದಿದರೂ ತೆರೆಯದೇ ಹೋಗಬಹುದು. ಜೋರಾಗಿ ಊದಿದರೆ ಕಿವಿಗೇ ಪೆಟ್ಟು. ಆದ್ದರಿಂದ ನೋವು ಬರುವ ಮೊದಲೇ, ತಲೆ ಮುಳುಗಿದ ಕೂಡಲೇ ಊದಿಸುತ್ತೇನೆ. ನೋವಾದರೆ ಎರಡು ಅಡಿ ಮೇಲೆ ಕರೆತಂದು ಮತ್ತೆ ನೋಡುತ್ತೇನೆ. ಆಗಲೂ ತೆರೆಯದಿದ್ದರೆ ಅಂದಿಗೆ ಅಲ್ಲಿಗೇ ನಿಲ್ಲಿಸುತ್ತೇನೆ. ತೊಗರಿ ರಾಶಿಯ ಕಾಲದಲ್ಲಿ ಈ ತೊಂದರೆ ಹೆಚ್ಚು. ಹೊಟ್ಟಿನ ಧೂಳಿಗೆ ಮೂಗು ಕಟ್ಟಿದವರು ನೀರಿಗಿಳಿಯಲು ಅಣಿಯಾಗಿ ಬಂದಿರುತ್ತಾರೆ. ನೆಗಡಿ ಇದ್ದವರನ್ನು ಮರಳಿ ಕಳುಹಿಸುತ್ತೇನೆ. ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಬಂದವರನ್ನೂ ಇಳಿಸುವುದಿಲ್ಲ, ಏಕೆಂದರೆ ಮಾತ್ರೆಯ ಪ್ರಭಾವ ನೀರಿನೊಳಗೇ ಇಳಿದುಹೋದರೆ ಮೇಲೆ ಬರುವಾಗ ಕಿವಿಯ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಇತ್ಯಾದಿಗಳ ಪ್ರಶ್ನಾವಳಿಯನ್ನು ಮುಂಚೆಯೇ ತುಂಬಿಸಿಕೊಂಡಿರುತ್ತೇನೆ.

ನಾಲ್ಕು ಅಡಿಯಲ್ಲಿ ಮಾಡಿಸುವುದು ಕೆಲವೇ ಕೆಲಸ. ರೆಗ್ಯುಲೇಟರನ್ನು ಬಾಯಿಂದ ತೆಗೆದು, ಮರಳಿ ಇಟ್ಟು, ಒಮ್ಮೆ ಜೋರಾಗಿ ಉಸಿರು ಬಿಟ್ಟು ಒಳಗಿನ ನೀರು ಹೊರಹಾಕುವುದು. ತೆಗೆದಿರುವಷ್ಟು ಹೊತ್ತೂ ‘ಊ’ ಎನ್ನುತ್ತ ಸಣ್ಣ ಗುಳ್ಳೆ ಬಿಡುತ್ತಲೇ ಇರಬೇಕು. ಮುಖಗವಸಿಗೆ ಸ್ವಲ್ಪ ನೀರು ಬಿಟ್ಟುಕೊಂಡು, ಮೇಲಂಚು ಒತ್ತಿ, ಮೂಗಿನಿಂದ ಉಸಿರು ಬಿಟ್ಟು ಹೊರಹಾಕುವುದು. ದಪ್ಪ ಮೀಸೆಯವರ ಮುಖಗವಸು ಸೋರುತ್ತಲೇ ಇರುತ್ತದೆ. ಮೀಸೆ ಬೋಳಿಸಿ ಎನ್ನಲು ನನಗೆ ಮನಸ್ಸಿಲ್ಲ, ವ್ಯಾಸಲೀನ್ ಹಚ್ಚಿಸುತ್ತೇನೆ. ಗುಟ್ಕಾ ತಿಂದು ದವಡೆ ಬಿಗಿದವರದು ಬೇರೆ ಕಷ್ಟ. ಎರಡು ಬೆರಳು ಹಿಡಿಸದಷ್ಟು ಬಾಯಿ ತೆರೆಯುವವರಿಗೆ ರೆಗ್ಯುಲೇಟರಿನ ರಬ್ಬರನ್ನು ಸರಿಯಾಗಿ ಕಚ್ಚಲಾಗುವುದಿಲ್ಲ. ಅಂಥವರಿಗೆ ಮೊದಲು ವೈದ್ಯರ ಬಳಿ ಹೋಗಿ ಎನ್ನುತ್ತೇನೆ, ಅದು ಸ್ಕೂಬಾಕ್ಕಿಂತ ದೊಡ್ಡ ವಿಷಯ. ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ ಎಂದಲ್ಲ, ಮೇಲೆ ಹೋಗೋಣ ಎಂದು ಅರ್ಥ. ಇದನ್ನೂ ಅಲ್ಲಿಯೇ ರೂಢಿ ಮಾಡಿಸುತ್ತೇನೆ.

ಇಷ್ಟೂ ಆದ ಮೇಲೆ ನೋಡುವುದು ಗುಳ್ಳೆಯ ಲಯವನ್ನು. ಒಂದು ಗೊಂಚಲು ಎದ್ದು ಇನ್ನೊಂದು ಏಳುವವರೆಗಿನ ಬಿಡುವು ಒಂದೇ ಸಮನಾಗಿದ್ದರೆ ಆ ವ್ಯಕ್ತಿ ಮುಂದೆ ಹೋಗಲು ಸಿದ್ಧ. ಚುಟುಕಾಗಿ, ಒಂದರ ಬೆನ್ನಿಗೆ ಒಂದು ಬರುತ್ತಿದ್ದರೆ ಗಾಬರಿ ಇನ್ನೂ ಉಳಿದಿದೆ. ನಿಂತು ನಿಂತು ಬಂದರೆ ದಮ್ಮು ಕಟ್ಟುತ್ತಿದ್ದಾರೆ. ಸಿದ್ಧರಾದವರನ್ನು ಇಬ್ಬರಿಗಿಂತ ಹೆಚ್ಚು ಒಟ್ಟಿಗೆ ಒಯ್ಯುವುದಿಲ್ಲ. ಅವರ ಜಾಕೆಟ್ಟಿನ ಭುಜದ ಪಟ್ಟಿ ನನ್ನ ಕೈಯಲ್ಲಿರುತ್ತದೆ. ಕೊಳದ ಇಳಿಜಾರು ಎಲ್ಲಿ ಶುರುವಾಗುತ್ತದೆ ಎಂದು ಮುಂಚೆಯೇ ನೋಡಿಟ್ಟುಕೊಂಡಿರುತ್ತೇನೆ. ನುಣುಪಾದ ಟೈಲ್ಸಿನ ಮೇಲೆ ಮುಳುಗಲೆಂದು ಸೀಸದ ತೂಕ ಕಟ್ಟಿಕೊಂಡವರು ತಮಗರಿಯದೆಯೇ ಆಳದ ಕಡೆ ಜಾರಿಬಿಡುತ್ತಾರೆ. ಮರಳುವಾಗ ಅದೇ ಇಳಿಜಾರಿನ ಗುಂಟ ತಳಕ್ಕೆ ಹತ್ತಿರವಾಗಿಯೇ ನಾಲ್ಕು ಅಡಿಗೆ ಬಂದು ಎದ್ದು ನಿಲ್ಲುತ್ತೇವೆ. ನೇರವಾಗಿ ಮೇಲಕ್ಕೆ ಏರುವ ಪ್ರಸಂಗವೇ ಬರಬಾರದು.

ಎರಡು ಮೀಟರ್ ಎಂಬುದು ನಾನೇ ಹುಟ್ಟಿಸಿದ ಅಂಕಿಯಲ್ಲ. ಸ್ಕೂಬಾ ತರಬೇತಿಯ ಅಂತರರಾಷ್ಟ್ರೀಯ ಸಂಸ್ಥೆ ಪ್ಯಾಡಿ ಎಂಟು ವರ್ಷ ತುಂಬಿದ ಮಕ್ಕಳಿಗಾಗಿ ನಡೆಸುವ ಬಬಲ್‌ಮೇಕರ್ ಪಾಠಕ್ಕೆ ಇಟ್ಟಿರುವ ಮಿತಿ ಅದೇ. ದೊಡ್ಡವರಿಗೂ ಮೊದಲ ದಿನಕ್ಕೆ ಅದು ಸಾಕು ಎಂಬುದು ನನ್ನ ತೀರ್ಮಾನ. ಅದೇ ಸಂಸ್ಥೆಯ ಪರಿಚಯದ ಡೈವಿಂಗಿಗೆ ಸಮುದ್ರದಲ್ಲಿ 12 ಮೀಟರ್ ಮಿತಿ ಇದೆ, ಹಾಗಿರುವಾಗ ಕೊಳದ ಹತ್ತು ಅಡಿಗೆ ಏಕಿಷ್ಟು ಅಂಜಿಕೆ ಎಂದು ವಾದಿಸುವವರಿದ್ದಾರೆ. ಇಲ್ಲಿ ಕಲಿತದ್ದು ಕೈಗೆ ಹತ್ತಿದ ಮೇಲೆ ಅಲ್ಲಿ ಇಳಿಯುವುದು. ಹತ್ತು ಅಡಿಯಲ್ಲಿ ತೆಗೆಸಿಕೊಂಡ ಫೋಟೊ ಮೊಬೈಲಿನಲ್ಲಿ ಚೆಂದ ಕಾಣಬಹುದು, ಉಸಿರಾಟವನ್ನು ಅದು ಕಲಿಸುವುದಿಲ್ಲ.

ಮೂರಾಳು ನೀರಿನ ಆ ತರುಣ ಮೊದಲ ದಿನ ನಾಲ್ಕು ಅಡಿ ದಾಟಲಿಲ್ಲ. ಮುನಿಸಿಕೊಂಡೇ ಹೋದ. ಮುಂದಿನ ವಾರ ಬಂದಾಗ ಗುಳ್ಳೆ ತಪ್ಪದೆ ಬರುತ್ತಿತ್ತು, ಆರೂವರೆ ಅಡಿಗೆ ಕರೆದುಕೊಂಡು ಹೋದೆ. ಹೀಗೆ ಮರಳಿ ಬರುವವರಿಂದ ನಾನು ಎರಡನೆಯ ಸಲ ಶುಲ್ಕ ತೆಗೆದುಕೊಳ್ಳುವುದಿಲ್ಲ. ಹಣ ದಂಡವಾಗುತ್ತದೆ ಎಂಬ ಅಳುಕಿನಿಂದ ಯಾರೂ ಒಂದೇ ದಿನದಲ್ಲಿ ಆಳಕ್ಕೆ ಒಯ್ಯಿರಿ ಎಂದು ಹಟ ಹಿಡಿಯಬಾರದು.