ಕೆಲಸ ಒಪ್ಪಿಸೋ ಮುಂಚೆ ಒಂದು ಪ್ರಶ್ನೆ

ಯಾವ ಕೆಲಸವೇ ಇರಲಿ, ಮುಗೀತು ಅನಿಸಿದ ಕೂಡಲೇ ಒಪ್ಪಿಸಬೇಡಿ. ಇದನ್ನ ತಗೊಳ್ಳುವವರು ಮೊದಲು ಏನು ಕೇಳ್ತಾರೆ ಅಂತ ಯೋಚಿಸಿ, ಅದರ ಉತ್ತರವನ್ನೂ ಜೊತೆಗೇ ಕೊಡಿ. ವೈರಿಂಗ್ ಮಾಡಿದವರು ಯಾವ ಸ್ವಿಚ್ಚು ಯಾವ ಕೋಣೆಯದು ಅಂತ ಬೋರ್ಡಿನ ಮೇಲೆ ಚೀಟಿ ಅಂಟಿಸಬಹುದು. ಲೆಕ್ಕ ಬರೆದವರು ‘ಕೊನೆಯ ಎರಡು ಬಿಲ್ಲು ಬಂದಿಲ್ಲ, ಈ ಮೊತ್ತ ಅಂದಾಜು’ ಅಂತ ಒಂದು ಸಾಲು ಸೇರಿಸಬಹುದು. ಮಾಡಿದವರಿಗೆ ಎಲ್ಲಾ ಗೊತ್ತಿರೋದರಿಂದ ಬಿಟ್ಟುಹೋದದ್ದು ಕಣ್ಣಿಗೆ ಬೀಳಲ್ಲ. ಇನ್ನೊಬ್ಬರ ಜಾಗದಲ್ಲಿ ನಿಂತರೆ ತಕ್ಷಣ ಕಾಣುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್‌ನಲ್ಲೂ ಇದೇ ಇದೆ: ರೋಗಿಯನ್ನು ಆಪರೇಷನ್ ಕೋಣೆಯಿಂದ ಹೊರಗೆ ಕಳಿಸೋ ಮೊದಲು, ಮುಂದಿನ ಆರೈಕೆಯಲ್ಲಿ ಏನೇನು ಗಮನಿಸಬೇಕು ಅಂತ ತಂಡದವರು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಅಷ್ಟು ನುರಿತವರಿಗೇ ಬೇಕಾದದ್ದು ನಮಗೆ ಬೇಡವೇ? ಕೆಲಸ ಯಾರ ಕೈಗೆ ಹೋಗುತ್ತೆ ಅಂತಲೇ ಗೊತ್ತಿಲ್ಲದಿದ್ದರೆ ಇದು ನಡೆಯಲ್ಲ, ಮೊದಲು ಅದನ್ನ ಕೇಳಿ ತಿಳ್ಕೊಳ್ಳಿ. ಅರ್ಧಕ್ಕೆ ನಿಂತದ್ದನ್ನ ಮುಚ್ಚಿಡುವ ಮನಸ್ಸಿದ್ದರಂತೂ ಖಂಡಿತ ಕೆಲಸಕ್ಕೆ ಬರಲ್ಲ. ತಿದ್ದುತ್ತಲೇ ಕೂರುವ ಸ್ವಭಾವದವರು ಒಂದೇ ಪ್ರಶ್ನೆಗೆ ನಿಲ್ಲಿಸಿ, ಇಲ್ಲದಿದ್ದರೆ ಕೆಲಸ ನಿಮ್ಮ ಕೈ ಬಿಟ್ಟು ಹೋಗೋದೇ ಇಲ್ಲ.